ಹಸಿ ಗಾರೆ

೧೯೮೩ರ ನವೆಂಬರ್ ೧೫, ಮಂಗಳವಾರ. ಬೆಳಿಗ್ಗೆ ೯.೨೦ಕ್ಕೆ ಸಫೊಕ್ ಜಿಲ್ಲೆಯ ಒಂದು ಸಣ್ಣ ಪೊಲೀಸ್ ಠಾಣೆಗೆ ಮ್ಯೂರಿಯಲ್ ಬ್ರೆಟ್ ಎಂಬ ಅರವತ್ತೊಂದರ ಹೆಂಗಸು ಬಂದು, ತಮ್ಮ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರ್ ಸ್ಟ್ಯಾನರ್ಡ್ ತಾನೇ ಬರೆದುಕೊಂಡ.

"ಭಾನುವಾರ ಊಟಕ್ಕೆ ಬರಲಿಲ್ಲ. ರೋಲಂಡ್ ಎಂಥವನು ಅಂದ್ರೆ, ಮನೆಗೆ ಬೆಂಕಿ ಬಿದ್ರೂ ಮೊದಲು ತಟ್ಟೆ ಖಾಲಿ ಮಾಡಿ ಆಮೇಲೆ ನೀರು ಹುಡುಕೋನು."

"ಕೊನೇ ಸಲ ಮಾತಾಡಿದ್ದು?"

"ಗುರುವಾರ, ಫೋನಲ್ಲಿ. ಮರ್ಲಿಂಗ್ಟನ್ನಿನ ಹಳೇ ಮನೇಲಿದ್ದ. 'ಈ ಚಳಿಗಾಲದೊಳಗೆ ಈ ಮನೆ ಕಥೆ ಮುಗಿಯುತ್ತೆ ಅಕ್ಕಾ' ಅಂತ ನಕ್ಕ." ಅವಳು ಕೈಗವಸು ತೆಗೆದಿರಲೇ ಇಲ್ಲ. "ಒರಟ, ಒಪ್ತೀನಿ. ಆದ್ರೆ ನಂಗಿರೋದು ಅವನೊಬ್ಬನೇ. ಹುಡುಕಿಕೊಡಿ."

೧೧.೦೫ಕ್ಕೆ ಸ್ಟ್ಯಾನರ್ಡ್, ಕಾನ್‌ಸ್ಟೇಬಲ್ ಹಿಲ್ಡಾ ಗೂಚ್ ಜೊತೆ ಮರ್ಲಿಂಗ್ಟನ್ ತಲುಪಿದ. ಮನೆಗೆ ನಾನೂರು ವರ್ಷ. ಓಕ್ ಮರದ ಕಂಬ ತೊಲೆಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆಗಳು. ಮೇಲಂತಸ್ತು ಬೀದಿಯ ಮೇಲಕ್ಕೆ ಒಂದು ಮೊಳ ಚಾಚಿಕೊಂಡು, ಕೆಳಗೆ ನಿಂತವರ ಮಾತಿಗೆ ಕಿವಿಗೊಟ್ಟಂತೆ ಬಾಗಿತ್ತು. ನಟ್ಟನಡುವೆ ಒಂದು ದೈತ್ಯ ಇಟ್ಟಿಗೆ ಚಿಮಣಿ. ಇಡೀ ಮನೆ ಅದಕ್ಕೇ ಒರಗಿಕೊಂಡಿತ್ತು.

ಗೇಟಿನ ಬಳಿ ರೋಲಂಡ್ ಬ್ರೆಟ್‌ನ ಕಾರು, ಗಾಜಿನ ತುಂಬ ಹೆಪ್ಪುಗಟ್ಟಿದ ಇಬ್ಬನಿ. ಅಡುಗೆಮನೆಯ ಮೇಜಿನ ಮೇಲೆ ಅವನ ಕನ್ನಡಕ. ಬೂಷ್ಟು ಹಿಡಿದ ಬ್ರೆಡ್ಡು. ಆಳಿಲ್ಲ.

"ಕನ್ನಡಕ ಬಿಟ್ಟು ಎಲ್ಲಿಗೆ ಹೋಗ್ತಾನೆ ಸಾರ್?" ಎಂದಳು ಹಿಲ್ಡಾ. ಅವಳ ಕಂಕುಳಲ್ಲಿ ಜಿಲ್ಲಾ ಮಂಡಳಿಯಿಂದ ತಂದ ಕಡತವಿತ್ತು. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಕೆಡವಲು ಬ್ರೆಟ್ ಎರಡು ಬಾರಿ ಅರ್ಜಿ ಹಾಕಿದ್ದ; ಎರಡೂ ತಿರಸ್ಕೃತ. ಬದಲಿಗೆ ದುರಸ್ತಿ ಮಾಡಿಸಲೇಬೇಕೆಂದು ಮಂಡಳಿ ಆದೇಶಿಸಿತ್ತು.

ಹಿತ್ತಲಲ್ಲಿ ಒಬ್ಬ ಮುದುಕ ಕರಣೆ ತೊಳೆಯುತ್ತಿದ್ದ. ಆಂಬ್ರೋಸ್ ಫಿಸ್ಕ್, ಗಾರೆ ಮೇಸ್ತ್ರಿ. ಅವನ ಅಪ್ಪ, ತಾತ ಕೂಡ ಇದೇ ಗೋಡೆಗಳಿಗೆ ಗಾರೆ ಬಳಿದವರು.

"ಬ್ರೆಟ್‌ನ ಕೊನೆಗೆ ನೋಡಿದ್ದು ಯಾವಾಗ?"

"ಗುರುವಾರ. ಸಿಡುಕ್ತಿದ್ದ. ಅದೇನು ಹೊಸದಲ್ಲ ಬಿಡಿ, ಹುಟ್ಟಿದಾಗಲೂ ಸೂಲಗಿತ್ತಿಗೆ ಬೈದಿರ್ತಾನೆ."

"ನಿಮಗೆ ಈಗ ಇಲ್ಲೇನು ಕೆಲಸ?"

"ಕಿಟಕಿ ಚೌಕಟ್ಟು. ಗಾರೆ ಎಲ್ಲ ಆಗಸ್ಟಲ್ಲೇ ಮುಗೀತು. ಇಬ್ಬನಿ ಹೆಪ್ಪುಗಟ್ಟೋ ಕಾಲದಲ್ಲಿ ಸುಣ್ಣ ಮುಟ್ಟೋನು ಮೇಸ್ತ್ರಿಯಲ್ಲ, ಕತ್ತೆ. ಒಣಗೋದೇ ಇಲ್ಲ."

"ಸಿಮೆಂಟ್ ಹಾಕಿದ್ರೆ ಆಯ್ತಪ್ಪ," ಎಂದಳು ಹಿಲ್ಡಾ.

ಅವಳು ಚರ್ಚಿನೊಳಗೆ ಉಗುಳಿದಂತೆ ಫಿಸ್ಕ್ ನೋಡಿದ. "ಈ ಮನೆ ಉಸಿರಾಡುತ್ತೆ ಮಗಳೇ. ಅದಕ್ಕೆ ಸಿಮೆಂಟ್ ಬಳಿಯೋದು ಅಂದ್ರೆ ಮೂಗುಬಾಯಿಗೆ ಬಟ್ಟೆ ತುರುಕಿದ ಹಾಗೆ."

ಮೂವರೂ ನಡುಕೋಣೆಗೆ ಬಂದರು. ಕಿಟಕಿಗಳು ಚಿಕ್ಕವು, ಮಧ್ಯಾಹ್ನಕ್ಕೆ ಮೊದಲೇ ಒಳಗೆ ಸಂಜೆ. ಹಿಲ್ಡಾ ಕಡತದ ನಕ್ಷೆ ಬಿಡಿಸಿ ಅಗ್ಗಿಷ್ಟಿಕೆಯ ಎಡಕ್ಕೆ ಬೆರಳಿಟ್ಟಳು. ಅಲ್ಲಿ ಹಿಂದಿನವರು ರೊಟ್ಟಿ ಸುಡುತ್ತಿದ್ದ ಗೂಡು ಇರಬೇಕಿತ್ತು, ಒಬ್ಬ ಆಳು ಬಗ್ಗಿ ನುಗ್ಗುವಷ್ಟು ದೊಡ್ಡದು. ಈಗ ಇದ್ದದ್ದು ಬಿಳಿ ಗೋಡೆ.

"ಈ ಗೂಡು?"

"ಮುಚ್ಚಿದೆ. ಅದೂ ಆಗಸ್ಟಲ್ಲೇ."

ಸ್ಟ್ಯಾನರ್ಡ್ ಜೇಬಿನ ಚಾಕು ತೆಗೆದು ಗೋಡೆಗೆ ಒತ್ತಿದ. ಹಿಡಿಯವರೆಗೂ ಇಳಿಯಿತು, ಬೆಣ್ಣೆಯೊಳಗೆ ಇಳಿದಂತೆ. ಹೊರಗೆಳೆದಾಗ ಅಲಗಿನ ತುಂಬ ಒದ್ದೆ ಸುಣ್ಣ, ಅದರಲ್ಲಿ ಗಾರೆಗೆ ಬೆರೆಸುವ ಮೇಕೆಗೂದಲಿನ ನಾಲ್ಕೆಳೆ. ಎಲ್ಲೋ ತೊಲೆಯೊಂದು ನರಳಿತು. ಯಾರೂ ತಲೆಯೆತ್ತಲಿಲ್ಲ.

"ಆಗಸ್ಟ್‌ನ ಗಾರೆ ನವೆಂಬರಲ್ಲಿ ಹೀಗಿರುತ್ತಾ ಫಿಸ್ಕ್?"

"ಇರಲ್ಲ," ಎಂದ ಮೇಸ್ತ್ರಿ.

೨.೪೦ಕ್ಕೆ ಊರ ಪಾದ್ರಿ ಮತ್ತು ಪಬ್ಬಿನ ಒಡತಿಯ ಸಮ್ಮುಖದಲ್ಲಿ ಗೋಡೆ ಒಡೆಸಿ ಮಹಜರು ಬರೆದರು. ಕಾನ್‌ಸ್ಟೇಬಲ್ ಒಬ್ಬ ಹಾರೆ ಎತ್ತಿದಾಗ, ಬಾಗಿಲಲ್ಲಿ ನಿಲ್ಲಿಸಿದ್ದ ಫಿಸ್ಕ್ ಮೊದಲ ಬಾರಿ ದನಿ ಏರಿಸಿದ: "ಕೆಳಗಿಂದ ಬಿಚ್ಚಯ್ಯಾ! ಮೇಲಿನ ತೊಲೆಗೆ ಏಟು ಬಿದ್ದೀತು."

ಏಳನೇ ಇಟ್ಟಿಗೆ ಕಿತ್ತಾಗ ಒಂದು ಬೂಟು ಕಂಡಿತು.

೩.೧೫ಕ್ಕೆ ಫಿಸ್ಕ್‌ನ ಬಂಧನ. ಸಂಜೆ ಐದಕ್ಕೆ ಮ್ಯೂರಿಯಲ್ ಶವ ಗುರುತಿಸಿದಳು. ಅಳಲಿಲ್ಲ. "ಒಂದೇ ಮಾತು ಹೇಳಿ. ತಕ್ಷಣ ಹೋಯ್ತಾ ಜೀವ? ನರಳಿದ್ನಾ?" ಎಂದು ಕೇಳಿದಳು.

"ಇನ್ನೂ ಗೊತ್ತಿಲ್ಲಮ್ಮಾ. ಕೇಳಿ ಹೇಳ್ತೀನಿ," ಎಂದ ಸ್ಟ್ಯಾನರ್ಡ್.

ವಿಚಾರಣೆ ಆರಕ್ಕೆ ಶುರುವಾಯಿತು. ಫಿಸ್ಕ್ ಏನನ್ನೂ ಮುಚ್ಚಿಡಲಿಲ್ಲ.

"ಸಿಮೆಂಟ್ ಹಾಕಿದ್ದಿದ್ರೆ ಒಂದೇ ದಿನಕ್ಕೆ ಕಲ್ಲಾಗ್ತಿತ್ತು. ನಾವು ನೋಡಿ ವಾಪಸ್ ಹೋಗ್ತಿದ್ವಿ. ಯಾಕೆ ಹಾಕಲಿಲ್ಲ?"

"ಆ ಗೋಡೆಗಾ?" ಅಷ್ಟೇ ಅಂದ ಫಿಸ್ಕ್.

ಉಳಿದದ್ದು ನಿಧಾನಕ್ಕೆ ಬಂತು. ಅರ್ಜಿಯಿಂದ ಆಗದ್ದನ್ನು ಬ್ರೆಟ್ ಮಳೆಯಿಂದ ಮಾಡಿಸಹೊರಟಿದ್ದ. ಹಿಂಬದಿಯ ಚಾವಣಿಯಿಂದ ಒಂದೊಂದೇ ಹೆಂಚು ಕಳಚುತ್ತಿದ್ದ. ನೀರಿಳಿದು ತೊಲೆಗಳು ಕೊಳೆತರೆ ಮಂಡಳಿಯೇ ಕೆಡವಿ ಎನ್ನುತ್ತದೆ. ಗುರುವಾರ ಸಂಜೆ ಫಿಸ್ಕ್ ಅವನನ್ನು ಅಟ್ಟದಲ್ಲಿ ಹಿಡಿದ. ಬ್ರೆಟ್ ನಕ್ಕ. ಫಿಸ್ಕ್ ತಳ್ಳಿದ. ಕಡಿದಾದ ಮರದ ಮೆಟ್ಟಿಲುಗಳಲ್ಲಿ ಅವನು ಬುಡದವರೆಗೂ ಉರುಳಿಹೋದ.

ಆ ಮನೆಯಲ್ಲಿ ಫಿಸ್ಕ್ ಒಂದು ರಾತ್ರಿಯೂ ಮಲಗಿದವನಲ್ಲ. ಅದರಲ್ಲಿ ಅವನದೆನ್ನುವ ಒಂದಿಟ್ಟಿಗೆಯೂ ಇರಲಿಲ್ಲ. ಮೂರು ತಲೆಮಾರಿನ ಕೈಗುರುತು ಬಿಟ್ಟರೆ.

"ಬಿದ್ದ ತಕ್ಷಣ ಸತ್ತನಾ?"

ಫಿಸ್ಕ್ ಸುಣ್ಣಕ್ಕೆ ಸವೆದ ತನ್ನ ಬೆರಳುಗಳನ್ನು ನೋಡಿಕೊಂಡ.

"ಮೋಡ ಕಟ್ಟಿತ್ತು ಸಾರ್. ನಾನು ಮೊದಲು ಮೇಲೆ ಹತ್ತಿ ಹೆಂಚು ಹೊದಿಸಿದೆ."

"ಅವನು ಕೆಳಗೆ ಬಿದ್ದಿರೋವಾಗ? ಉಸಿರಾಡ್ತಿದ್ನಾ?"

"ಹದಿನೇಳು ಹೆಂಚಿತ್ತು. ಮುಗಿಸಿ ಇಳಿದು ಬಂದಾಗ ಉಸಿರಿರಲಿಲ್ಲ."

ಸ್ಟ್ಯಾನರ್ಡ್ ಅದನ್ನು ಹಾಗೆಯೇ ಬರೆದು ಸಹಿ ಹಾಕಿಸಿಕೊಂಡ. ಕಾಗದ ಮಡಿಸಿ ಎದ್ದವನು ಬಾಗಿಲ ಚಿಲುಕದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಹೊರಗೆ ಬೆಂಚಿನ ಮೇಲೆ ಮ್ಯೂರಿಯಲ್ ಕಾಯುತ್ತಿದ್ದಳು.