ನೋವಿನ ಮದ್ದು, ನಿದ್ದೆಯ ಮಾತ್ರೆ

ಮಾರ್ಚ್ ಒಂಬತ್ತರ ಬೆಳಿಗ್ಗೆ ಮೊಕ್ಪೊ ಬಂದರು ಠಾಣೆಗೆ ತಾಕ್ ಮಿರಾನ್ ಎಂಬಾಕೆ ದೂರು ತಂದಳು. ದೋಣಿ ಎಂಜಿನ್ ರಿಪೇರಿ ಮಾಡಿ ಬದುಕಿದ್ದ ಅವಳ ಮುದಿ ತಂದೆ ಜೊಂಗ್‌ಮಾನ್, ಮಂಡಿಯ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದ.

"ಡಾಕ್ಟರೇ ಕೊಂದಿದ್ದು ಸಾರ್. ಮಾರ್ಫಿನ್ ಜಾಸ್ತಿ ಕೊಟ್ಟಿದಾರೆ."

ಇನ್ಸ್‌ಪೆಕ್ಟರ್ ಪ್ಯೋ ಗ್ಯುಚೋಲ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಓಮ್ ಸೊಯೊಂಗ್‌ಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಮಹಜರು ಮಾಡಿ, ನೋವಿನ ಮದ್ದು ಹರಿಸುವ ಪಂಪನ್ನು ಸೀಲ್ ಮಾಡಿಸಿದ. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು.

ಅರಿವಳಿಕೆ ವೈದ್ಯ ಕೂ ತೇಸೊಂಗ್ ಎದುರು ಕೂತ.

"ಎಷ್ಟು ಕೊಟ್ರಿ?"

"ಬೇರೆಯವರಿಗೆ ಕೊಡೋದರಲ್ಲಿ ಅರ್ಧ."

"ಯಾಕೆ?"

"ವಯಸ್ಸಾಗಿತ್ತು. ದಪ್ಪ ಮೈ. ಕಿಡ್ನಿ ಸರಿಯಿರಲಿಲ್ಲ. ನಿದ್ದೇಲಿ ಉಸಿರು ಕಟ್ಟೋ ಕಾಯಿಲೆ ಬೇರೆ. ಇಂಥವರಿಗೆ ಮಾರ್ಫಿನ್ ಸ್ವಲ್ಪ ಹೆಚ್ಚಾದ್ರೂ ಉಸಿರು ನಿಧಾನ ಆಗ್ತಾ ಆಗ್ತಾ ನಿಂತೇ ಹೋಗುತ್ತೆ. ಅದಕ್ಕೇ ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕ್ಸಿದ್ದೆ. ಆಕ್ಸಿಜನ್ ಇಳಿದ್ರೆ ಯಂತ್ರ ಕೂಗುತ್ತೆ."

"ಅದು ಕೂಗಲಿಲ್ವಾ?"

"ಬೆಳಿಗ್ಗೆ ನರ್ಸ್ ಹೋಗಿ ನೋಡಿದಾಗ ಯಂತ್ರ ಆಫ್ ಆಗಿತ್ತು. ಯಾರು ಮಾಡಿದ್ರೋ ಗೊತ್ತಿಲ್ಲ."

ವಾರದ ನಂತರ ಪ್ರಯೋಗಾಲಯದ ವರದಿ ಬಂತು. ಪಂಪಿನಲ್ಲಿ ತಪ್ಪಿರಲಿಲ್ಲ. ಆದರೆ ರಕ್ತದಲ್ಲಿ, ಯಾವ ವೈದ್ಯನೂ ಬರೆದುಕೊಡದ ನಿದ್ದೆ ಮಾತ್ರೆಯ ಅಂಶವಿತ್ತು. ಮಾರ್ಫಿನ್ ಜೊತೆ ಅದೂ ಸೇರಿ ಉಸಿರು ನಿಂತಿತ್ತು.

ಪ್ಯೋ ಮಿರಾನ್‌ಳನ್ನು ಕರೆಸಿದ.

"ರಾತ್ರಿ ಹೊತ್ತು ಜೊತೆಗೆ ಯಾರಿರ್ತಿದ್ರು?"

"ಬಾಂಗ್ ಓಕ್‌ಸುನ್ ಅಂತ, ಹೊರದೇಶದ ಯಾನ್‌ಬಿಯನ್ ಕಡೆಯಿಂದ ದುಡಿಯೋಕೆ ಬಂದವರು. ರೋಗಿ ನೋಡ್ಕೊಳ್ಳೋಕೆ ಇಟ್ಕೊಂಡಿದ್ದೆ. ಹಗಲೂ ರಾತ್ರಿ ಅವರೇ."

"ಅವರು ಮಲಗೋದು ಯಾವಾಗ?"

ಮಿರಾನ್ ನೆಲ ನೋಡಿದಳು. "ಅದನ್ನ ನಾನು ಕೇಳಲಿಲ್ಲ."

ಅರವತ್ತು ದಾಟಿದ ಓಕ್‌ಸುನ್ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿಯ ಬಳಿಯಿದ್ದಳು. ಪೊಲೀಸರು ಬಂದಾಗ ಮೂಲೆಯಲ್ಲಿ ನಿಂತೇ ತಣ್ಣನೆಯ ಅನ್ನ, ಕಿಮ್ಚಿ ಉಪ್ಪಿನಕಾಯಿ ತಿನ್ನುತ್ತಿದ್ದಳು.

"ನಿಮ್ಮ ಹತ್ರ ನಿದ್ದೆ ಮಾತ್ರೆ ಇದೆಯಾ ಅಮ್ಮ?"

ಆಕೆ ಚೀಲದಿಂದ ಮಾತ್ರೆ ಪಟ್ಟಿ ತೆಗೆದು ಕೊಟ್ಟಳು. "ನಂದೇ. ಮನೆಗೆ ಹೋದಾಗ ತಗೊಳ್ಳೋದು."

"ತಾಕ್ ಅಜ್ಜನಿಗೆ ಕೊಟ್ರಾ?"

"ಎರಡು. ನೋವಿಗೆ ಅಂತ ಹೇಳಿ, ಬಾರ್ಲಿ ನೀರಲ್ಲಿ ಕುಡಿಸಿದೆ."

"ಯಂತ್ರ?"

"ಕೂಗಿ ಕೂಗಿ ಪ್ರಾಣ ತಿಂತಿತ್ತು. ಆಫ್ ಮಾಡಿದೆ."

"ಆಮೇಲೆ?"

"ಅಜ್ಜ ಗೊರಕೆ ನಿಲ್ಲಿಸಿದ್ರು. ಸದ್ಯ, ನೆಮ್ಮದಿಯಾಗಿ ಮಲಗಿದ್ರಲ್ಲ ಅಂದ್ಕೊಂಡೆ." ಅನ್ನದ ಬಟ್ಟಲು ಮುಚ್ಚಿಟ್ಟಳು. "ನಾನೂ ಮಲಗಿಬಿಟ್ಟೆ ಸಾರ್."

ಮಾತ್ರೆ ಪಟ್ಟಿಯನ್ನು ವಶಪಡಿಸಿಕೊಂಡು, ಆಕೆಯನ್ನು ಬಂಧಿಸಿದರು. ಜೊಂಗ್‌ಮಾನ್‌ಗೂ ಮೊದಲು ಇನ್ನೊಬ್ಬ ಮುದುಕನನ್ನು ಅವನ ಕೊನೆಯ ಉಸಿರಿನವರೆಗೂ ನೋಡಿಕೊಂಡು, ಅಂದೇ ಆಕೆ ಈ ಹಾಸಿಗೆಯ ಪಕ್ಕಕ್ಕೆ ಬಂದಿದ್ದಳು. ಬದಲಿಗೆ ಯಾರೂ ಬಂದಿರಲಿಲ್ಲ. ಜೊಂಗ್‌ಮಾನ್ ಮೇಲೆ ಆಕೆಗೆ ಹಗೆಯೇನೂ ಇರಲಿಲ್ಲ. ಒಂದು ರಾತ್ರಿಯ ನಿದ್ದೆ ಬೇಕಿತ್ತು, ಅಷ್ಟೆ.

ಜೀಪು ಬಂದರು ರಸ್ತೆಗೆ ಬರುವಷ್ಟರಲ್ಲಿ ಆಕೆಯ ತಲೆ ಸೊಯೊಂಗ್‌ಳ ಭುಜಕ್ಕೆ ಒರಗಿತ್ತು. ಠಾಣೆಯ ಮುಂದೆ ಎಬ್ಬಿಸಲು ಸೊಯೊಂಗ್ ಕೈ ಎತ್ತಿದಳು. ಪ್ಯೋ ಬೇಡವೆಂದು ತಲೆಯಾಡಿಸಿ, ಬಾಗಿಲನ್ನು ಸದ್ದಾಗದಂತೆ ತೆಗೆದು ಇಳಿದ.