ಐದನೇ ರೀಲಿನ ದನಿ

"ಐದನೇ ರೀಲು ನೋಡಿ, ಬೇಡ ಅನ್ನಲ್ಲ. ಅದರಲ್ಲಿರೋ ಮಾತು ಮಾತ್ರ ಯಾರೂ ಬಾಯಲ್ಲಿ ಆಡಬೇಡಿ," ಎಂದರು ತುಳಸಮ್ಮ.

ಚಕ್ರಪಾಣಿ ನಕ್ಕುಬಿಟ್ಟ. ಮೈಸೂರಿನಿಂದ ವರ್ಗವಾಗಿ ಚಾಮರಾಜಪೇಟೆಯ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲೇ ಶಂಕರಪುರದ ಚಿತ್ರಸಂಘಕ್ಕೆ ಕಾರ್ಯದರ್ಶಿ. ಅವನ ಕಂಚಿನ ಕಂಠಕ್ಕೆ ಮಾರುಹೋಗದವರಿರಲಿಲ್ಲ. ಗಾಂಧಿನಗರದ ವಿತರಕರೆಲ್ಲ ನಾಶವಾಯಿತೆಂದು ಕೈಚೆಲ್ಲಿದ್ದ 'ಅರಿಶಿನದ ಬಾಗಿಲು' ಚಿತ್ರದ ಏಕೈಕ ಪ್ರತಿ ಅದರ ನಿರ್ದೇಶಕರ ವಿಧವೆ ತುಳಸಮ್ಮನವರ ಟ್ರಂಕಿನಲ್ಲಿ ಅವನಿಗೆ ಸಿಕ್ಕಿತ್ತು. ಅದರ ಐದನೇ ರೀಲಿನಲ್ಲೊಂದು ಮಾಟದ ದೃಶ್ಯ. ನೈಜವಾಗಿರಲೆಂದು ಅಸಲಿ ಮಾಂತ್ರಿಕನನ್ನೇ ಕರೆತಂದು ಮಂತ್ರ ಹೇಳಿಸಿದ್ದರಂತೆ. ಆಮೇಲೆ ನಿರ್ದೇಶಕರೇ ಬ್ಲೇಡು ಹಿಡಿದು ಆ ರೀಲಿನ ಅಂಚಿನಲ್ಲಿ ದನಿ ಮುದ್ರಿಸಿದ್ದ ಶಬ್ದಪಟ್ಟಿಯನ್ನು ಕೆರೆದು ಹಾಕಿದ್ದರು. ಆದರೆ ಟ್ರಂಕಿನ ತಳದಲ್ಲಿ, ಮಂತ್ರವೂ ಸೇರಿದ ಸಂಭಾಷಣೆಯ ಹಸ್ತಪ್ರತಿ ಉಳಿದಿತ್ತು. ಚಕ್ರಪಾಣಿ ಅದನ್ನೂ ಚೀಲಕ್ಕೆ ಹಾಕಿಕೊಂಡ.

ತೊಂಬತ್ತಾರರ ಜುಲೈನ ಒಂದು ಭಾನುವಾರ ಬೆಳಿಗ್ಗೆ ಪ್ರದರ್ಶನ. ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದ ಸಭಾಂಗಣದಲ್ಲಿ ನಲವತ್ತು ಜನ. ಡಬ್ಬಿ ತೆರೆದಾಗಿನಿಂದಲೂ ಹಳೆಯ ಫಿಲ್ಮಿನ ಹುಳಿ ವಿನೆಗರ್ ವಾಸನೆ ಮೂಗಿಗೆ ಅಡರಿತ್ತು. ನಾಲ್ಕು ರೀಲು ಮುಗಿದವು. ಪ್ರೊಜೆಕ್ಟರ್ ನಡೆಸುತ್ತಿದ್ದ ಮುದುಕ ಸೊಣ್ಣಪ್ಪ ಐದನೆಯದನ್ನು ಏರಿಸುತ್ತ, ಇದನ್ನು ಮೂಕವಾಗಿಯೇ ಬಿಡೋಣವೆಂದು ಬೇಡಿಕೊಂಡ. ಅಷ್ಟರಲ್ಲಿ ಚಕ್ರಪಾಣಿ ಮೈಕು ಹಿಡಿದಾಗಿತ್ತು.

ತೆರೆಯ ಮೇಲೆ ಮಾಂತ್ರಿಕ ಮಣ್ಣಿನ ಗೊಂಬೆಯ ಬಾಯಿಗೆ ಮುಳ್ಳು ಚುಚ್ಚುತ್ತಿದ್ದ. ಚಕ್ರಪಾಣಿ ಟಾರ್ಚಿನ ಬೆಳಕಿನಲ್ಲಿ ಮಂತ್ರ ಓದತೊಡಗಿದ. ಮಾಂತ್ರಿಕನ ತುಟಿಯ ಚಲನೆಗೂ ಇವನ ಮಾತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಎಲ್ಲೋ ಕೂದಲು ಸುಟ್ಟ ವಾಸನೆ. ಗಂಟಲಲ್ಲಿ ಏನೋ ಸಣ್ಣಗೆ ಚುಚ್ಚಿತು. ಅವನು ಓದು ನಿಲ್ಲಿಸಿದ.

ದನಿ ನಿಲ್ಲಲಿಲ್ಲ.

ಅದು ತೆರೆಯ ಕಡೆಯಿಂದ ಬರುತ್ತಿತ್ತು. ಅವನದೇ ದನಿ. ಅವನು ಬಾಯಿ ತೆರೆದ. ಬರೀ ಗಾಳಿ. ಕೂಗಲು ನೋಡಿದ. ಗಾಳಿ. ಮೈಕು ಕೈಜಾರಿತು. ರೀಲು ಮುಗಿಯಿತು. ಕತ್ತಲಲ್ಲಿ ಜನ ಚಪ್ಪಾಳೆ ತಟ್ಟಿದರು.

ವೈದ್ಯರಿಗೆ ಗಂಟಲಲ್ಲಿ ಯಾವ ದೋಷವೂ ಕಾಣಲಿಲ್ಲ. ಹೆಂಡತಿ ಸುಪ್ರಜಾ ಹರಕೆ ಹೊತ್ತಳು, ಅತ್ತಳು. ಒಂದೇ ಒಂದು ಸಲ ತನ್ನ ಹೆಸರು ಹಿಡಿದು ಕರೆಯಿರೆಂದು ಅಂಗಲಾಚಿದಳು. ಎಂಟನೆಯ ದಿನ ಮನೆಯ ಅಟ್ಟದಲ್ಲಿಟ್ಟ ಐದನೇ ರೀಲಿನ ಡಬ್ಬಿಯೊಳಗೆ ಪಿಸುಮಾತು ಕೇಳಿಸಿತು. ಚಕ್ರಪಾಣಿ ತುಳಸಮ್ಮನವರ ಬಳಿಗೆ ಓಡಿ ಅದನ್ನು ಚೀಟಿಯಲ್ಲಿ ಬರೆದು ತೋರಿಸಿದ.

ಅವರು ಚೀಟಿ ಓದಿ, ಹಳೆಯದನ್ನು ಹೇಳಿದರು. ಮಂತ್ರ ಹೇಳಿದ ದಿನವೇ ಮಾಂತ್ರಿಕನ ದನಿಯೂ ಹೋಗಿತ್ತಂತೆ. ಆಮೇಲೆ ರೀಲಿನೊಳಗಿಂದ ಆ ದನಿ ಅವನ ಹೆಂಡತಿಯನ್ನು ಕರೆಯಿತಂತೆ. "ಅವಳು ಓ ಅಂದ್ಲು. ಮೂರೇ ದಿನ, ಹೋಗ್ಬಿಟ್ಲು. ಕೆರೆದು ಹಾಕಿದ್ರೆ ಸಾಕು ಅಂದ್ಕೊಂಡ್ರು ನಮ್ಮವರು. ನೀವು ಸುಟ್ಟುಬಿಡಿ. ಆದರೆ ಸುಟ್ಟರೆ ನಿಮ್ಮ ದನಿ ಇನ್ನು ವಾಪಸ್ ಬರಲ್ಲ."

ಅವನು ಮನೆಗೆ ಬಂದವನೇ ಹಿತ್ತಲಿನಲ್ಲಿ ರೀಲನ್ನು ಸುರುವಿ ಸೀಮೆಎಣ್ಣೆ ಹೊಯ್ದು ಕಡ್ಡಿ ಗೀರಿದ. ಫಿಲ್ಮು ಹಾವಿನಂತೆ ನುಲಿಯಿತು. ಕರಿಯ ಹೊಗೆ. ಹೊಗೆಯೊಳಗಿಂದ ತುಂಬು ಕಂಠದ ದನಿ.

"ಸುಪ್ರಜಾ..."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಅವಳು ಓಡಿಬಂದಳು. ಮುಖದ ತುಂಬ ಬೆಳಕು. ಬಾಯಿ ತೆರೆದಳು. ಚಕ್ರಪಾಣಿ ನೆಗೆದು ಅವಳ ಬಾಯಿ ಮುಚ್ಚಿದ. ಅವಳು ಕೊಸರಿದಳು. ದನಿ ಮತ್ತೆ ಕರೆಯಿತು, ಮೊದಲಿಗಿಂತ ಮೆತ್ತಗೆ. ಅವನು ಗೋಡೆಗೆ ಅವಳನ್ನು ಅವುಚಿ ಹಿಡಿದ. ಅವಳು ಅಂಗೈ ಕಚ್ಚಿದಳು. ರಕ್ತ ಬಂತು. ಅವನು ಬಿಡಲಿಲ್ಲ. ಮೂರನೆಯ ಸಲ ಕರೆದ ದನಿ ಅಳುತ್ತಿತ್ತು. ನಡುವೆಯೇ ಕಡಿಯಿತು.

ಬೂದಿಯಾದ ಮೇಲೆ ಅವನು ಕೈ ತೆಗೆದ. ಸುಪ್ರಜಾ ಏದುಸಿರು ಬಿಡುತ್ತ ಅವನನ್ನೇ ನೋಡಿದಳು.

"ರೀ, ಅದು ನಿಮ್ಮ ದನಿ ಅಲ್ವಾ?"

ಚಕ್ರಪಾಣಿ ಅಲ್ಲವೆಂದು ತಲೆಯಾಡಿಸಿದ.