ನಾಲ್ಕನೇ ರೀಲಿನ ವಾರ್ತೆ

"ಮೇಷ್ಟ್ರೇ, ನನ್ ರೀಲ್ ಹುಡುಕ್ಕೊಡಿ!" ಎನ್ನುತ್ತಾ ನಯನಾ ಓಡಿಬಂದಾಗ ನಾನು ಕೆಂಚಯ್ಯ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. 2003ರ ಒಂದು ಶುಕ್ರವಾರ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಳ್ಳತನ ಪತ್ತೆ ಮಾಡುವುದು, ದರ್ಜಿಯಾದ ನಾನು ಅಂಗಡಿ ಮುಚ್ಚಿ ಅವರ ಹಿಂದೆ ಅಲೆಯುವುದು ಸಕಲೇಶಪುರಕ್ಕೆಲ್ಲ ಗೊತ್ತಿತ್ತು.

ನಯನಾ ಊರಿನ ಕೇಬಲ್ ಚಾನೆಲ್‌ನಲ್ಲಿ ಸಂಜೆಯ ವಾರ್ತೆ ಓದುವವಳು. ಟಿವಿ ವಾರ್ತೆಯವರ ಬಗೆಗಿನ ಒಂದು ತಮಾಷೆ ಸಿನಿಮಾದವರು ಯಸಳೂರಿನಲ್ಲಿ ಶೂಟಿಂಗ್ ಮಾಡಿದಾಗ ಅವಳಿಂದಲೂ ವಾರ್ತೆ ಓದಿಸಿದ್ದರು. ಅದಕ್ಕೆಂದೇ ನೀಲಿ ಕೋಟು ಹೊಲಿದುಕೊಟ್ಟವನು ನಾನು. ಅಂದು ಮಧ್ಯಾಹ್ನ ಊರಿನ ಟಾಕೀಸಿನಲ್ಲಿ ಅದರ ಮೊದಲ ಆಟ. ಮಗ್ಗೆ ಊರಿನ ನೆಂಟರನ್ನೂ ಬಿಡದೆ ಕರೆದಿದ್ದಳು. ಆದರೆ ಐದು ರೀಲಿನಲ್ಲಿ ನಾಲ್ಕನೆಯದೇ ಇಲ್ಲ.

"ನನ್ ಸೀನು ಅದ್ರಲ್ಲೇ ಐತಂತೆ."

"ಯಾರು ಹೇಳಿದ್ರಮ್ಮ?"

"ನಮ್ಮನೆಯವ್ರು." ಅವಳ ಗಂಡ ಜಯಕುಮಾರ್ ಆ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್.

ಸಿನಿಮಾ ಪೆಟ್ಟಿಗೆ ತಂದ ಬಸ್ಸಿನಲ್ಲೇ ರೀಲು ಕಳೆದಿದೆ ಎಂದು ಟಾಕೀಸಿನ ಮಾಲೀಕರು ದೂರಿದ್ದರಿಂದ ಬಸ್ಸಿನವರು ಕಂಡಕ್ಟರ್ ಜವರಪ್ಪನನ್ನು ಆಗಲೇ ಕೆಲಸದಿಂದ ತೆಗೆದಿದ್ದರು. ನಾವು ಹೋದಾಗ ಅವನು ಮೆಷಿನ್ ರೂಮಿನ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಪೆಟ್ಟಿಗೆ ನಿನ್ನೆ ಬಂತು, ತೆಗೆದಿದ್ದು ಇವತ್ ಬೆಳಿಗ್ಗೇನೇ," ಎಂದ ಜಯಕುಮಾರ್.

ಮೇಷ್ಟ್ರು ಒಂದೊಂದೇ ರೀಲಿನ ತುದಿ ಎಳೆದು ಬೆಳಕಿಗೆ ಹಿಡಿದು ನೋಡಿದರು. "ಹೊಸ ಪ್ರಿಂಟಲ್ಲಿ ಯಾವ ತುದಿ ಹೊರಗಿರುತ್ತಪ್ಪ?"

"ಶುರುವಿಂದು. ಒಂದ್ಸಲ ಓಡ್ಸಿದ್ರೆ ಕೊನೆ ಹೊರಗ್ ಬತ್ತದೆ. ಮುಂದಿನ ಆಟಕ್ ಮುಂಚೆ ತಿರುಗಾ ಸುತ್ತಬೇಕು."

ಮೇಷ್ಟ್ರು ಎಲ್ಲರನ್ನೂ ಒಳಗೆ ಕರೆದರು.

"ಜವರಪ್ಪ ರೀಲು ಕಳೆದಿಲ್ಲ. ಮೊದಲ ಮೂರು ರೀಲಲ್ಲಿ ಕೊನೆ ಹೊರಗಿದೆ, ಐದನೆಯದರಲ್ಲಿ ಶುರು ಹೊರಗಿದೆ. ಅಂದರೆ ಇಲ್ಲಿ ಯಾರೋ ಸಿನಿಮಾ ಓಡಿಸಿ ನಾಲ್ಕನೇ ರೀಲಿಗೆ ನಿಲ್ಲಿಸಿದ್ದಾರೆ. ಈ ಮೆಷಿನ್ ಓಡಿಸೋಕೆ ಬರೋದು ಒಬ್ಬನಿಗೇ. ಬೆಳಿಗ್ಗೆ ಪೆಟ್ಟಿಗೆ ತೆಗೆದಾಗಲೇ ಇರದಿದ್ದ ರೀಲಲ್ಲಿ ಹೆಂಡತಿಯ ಸೀನಿದೆ ಅಂತ ಅವನಿಗೆ ಹೇಗೆ ಗೊತ್ತಾಯ್ತು? ಯಾಕೆ ಬಚ್ಚಿಟ್ಟ ಅನ್ನೋದು ಮಾತ್ರ ನನಗೆ ತಿಳಿದಿಲ್ಲ."

ಜಯಕುಮಾರ್ ತಲೆ ತಗ್ಗಿಸಿ ಹಳೇ ಪೋಸ್ಟರುಗಳ ಅಡಿಯಿಂದ ರೀಲು ತೆಗೆದ. "ಜವರಪ್ಪಣ್ಣ, ತಪ್ಪಾಯ್ತು. ನಯನಾ, ನೀನು ಮಾತ್ರ ಇದನ್ನ ನೋಡ್ಬೇಡ ಕಣೆ."

"ಹಾಕ್ರಿ," ಎಂದಳು ಅವಳು.

ಖಾಲಿ ಟಾಕೀಸಿನಲ್ಲಿ ಕೂತು ನೋಡಿದೆವು. ನೀಲಿ ಕೋಟಿನ ನಯನಾ ಗಂಭೀರವಾಗಿ ತುಟಿ ಅಲ್ಲಾಡಿಸುತ್ತಿದ್ದಳು. ಅವಳ ದನಿ ತೆಗೆದು ಆಡಿನ ಕೂಗು ಸೇರಿಸಿದ್ದರು.

"ಒಬ್ರೇ ನೋಡಿದ್ರಾ ಇದನ್ನ?" ಎಂದು ಗಂಡನನ್ನು ಕೇಳಿದಳು. ಅವನು ಹೂಂ ಎಂದ. ಅವಳು ಅವನ ಕೈ ಹಿಡಿದುಕೊಂಡಳು.

ಮಾಲೀಕರು ಬಸ್ಸಿನವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡರು. ಮಧ್ಯಾಹ್ನದ ಆಟದಲ್ಲಿ ನೆಂಟರ ಸಮೇತ ಊರೇ ಬಿದ್ದು ಬಿದ್ದು ನಕ್ಕಿತು.

ಸಂಜೆ ನನ್ನ ಅಂಗಡಿಯ ಟಿವಿಯಲ್ಲಿ ನಯನಾ ಅದೇ ಕೋಟು ತೊಟ್ಟು ಬಂದಳು. "ಕಳೆದಿದ್ದ ರೀಲು ಸಿಕ್ಕಿದೆ. ಕಂಡಕ್ಟರ್ ಜವರಪ್ಪನವರದು ಏನೂ ತಪ್ಪಿಲ್ಲ," ಎಂದು ಒಂದಕ್ಷರ ತಡವರಿಸದೆ ಓದಿದಳು. ಅಂಗಡಿ ಮುಂದೆ ನಿಂತವರಲ್ಲಿ ಯಾರೋ ಆಡಿನಂತೆ ಕೂಗಿದರು. ಎಲ್ಲರೂ ನಕ್ಕರು.

"ಜಯಕುಮಾರನ್ನ ಒಬ್ಬನೇ ಕರೆದು ಕೇಳಬೇಕಿತ್ತು ಕಣೋ. ನನ್ನ ಜಾಣತನಾನ ಎಲ್ಲರ ಮುಂದೆ ತೋರಿಸೋಕೆ ಹೋದೆ," ಎಂದರು ನನ್ನ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು.

ಸೋಮವಾರ ಕೋಟು ನನ್ನ ಅಂಗಡಿಗೆ ವಾಪಸು ಬಂತು. ಬಿಚ್ಚಿ ನಯನಾಳ ಮಗಳಿಗೆ ಸ್ಕೂಲ್ ಬ್ಯಾಗ್ ಮಾಡಬೇಕಂತೆ. ಅಂದಿನಿಂದ ಸಂಜೆಯ ವಾರ್ತೆಯನ್ನು ಬೇರೆ ಯಾರೋ ಓದುತ್ತಿದ್ದರು.